ದರಕು ಗುಡಿಸುವ ಏಡಿಗಳು

ಮಲೆನಾಡಿನ ಕಾಡಿನಲ್ಲಿ ಬೇಸಿಗೆಗೆ ನಡೆದರೆ ಕಾಲಡಿಯ ನೆಲ ಸುಮ್ಮನಿರುವುದಿಲ್ಲ. ಹೆಜ್ಜೆಗೊಮ್ಮೆ ಸರಸರ, ಚರಚರ. ಸೊಪ್ಪಿನಬೆಟ್ಟದಲ್ಲಿ ಮಾತ್ರ ಈ ಸದ್ದಿಲ್ಲ. ಕೊಟ್ಟಿಗೆಗೆ ಹಾಸಲೆಂದು ದರಕನ್ನು, ಎಂದರೆ ಉದುರಿದ ಒಣ ಎಲೆಯನ್ನು, ಗುಡಿಸಿ ಹೆಡಿಗೆ ತುಂಬಿ ಒಯ್ದಿರುತ್ತಾರೆ. ಅಂಥ ಊರಿನವರನ್ನು ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಕಾಡಿನೊಳಗೆ ಬಿಟ್ಟರೆ, ಇಲ್ಲೂ ಯಾರೋ ದರಕು ಗುಡಿಸಿಕೊಂಡು ಹೋಗಿದ್ದಾರೆ ಎಂದೇ ಅಂದುಕೊಳ್ಳಬೇಕು. ತಲೆಯ ಮೇಲೆ ಮೂವತ್ತು ಮೀಟರ್ ದಾಟಿದ ಮರಗಳು, ಗೋಡೆಯಂತೆ ಹರಡಿದ ಬೇರುಗಳು. ಬುಡದಲ್ಲಿ ಮಾತ್ರ ಪೊದೆಯಿಲ್ಲ, ಮುಳ್ಳಿಲ್ಲ, ಎಳೆ ಸಸಿಗಳ ಗುಂಪಿಲ್ಲ. ಒಣಗಿದ ಎಲೆಯೂ ಅಲ್ಲೊಂದು ಇಲ್ಲೊಂದು. ಕತ್ತಿ ಹಿಡಿದು ದಾರಿ ಬಿಡಿಸಿಕೊಳ್ಳುವ ಪ್ರಮೇಯವೇ ಇಲ್ಲದ ಮಳೆಕಾಡು ಅದು.

ಗುಡಿಸುವವರನ್ನು ಹುಡುಕಲು ದೂರ ಹೋಗಬೇಕಿಲ್ಲ. ಬೇರಿನ ಸಂದಿನಿಂದ, ಕಲ್ಲಿನ ಮರೆಯಿಂದ, ನೆಲದ ಬಿಲಗಳಿಂದ ಅಂಗೈಯಗಲದ ಕೆಂಪು ಏಡಿಗಳು ಇಣುಕುತ್ತವೆ. ನಾವು ನಿಂತರೆ ಅವೂ ನಿಲ್ಲುತ್ತವೆ. ನಾವು ಅಲುಗಾಡದಿದ್ದರೆ ಸ್ವಲ್ಪ ಹೊತ್ತಿಗೆ ಒಂದು ಧೈರ್ಯ ಮಾಡಿ ಉದುರಿದ ಎಲೆಯೊಂದನ್ನು ಕೊಂಡಿಯಲ್ಲಿ ಹಿಡಿದು ಬಿಲದ ಕಡೆಗೆ ಎಳೆಯತೊಡಗುತ್ತದೆ. ಎಲೆ, ಹೂ, ಹಣ್ಣು, ಬೀಜ, ಆಗತಾನೆ ಮೊಳೆತ ಸಸಿ, ಸತ್ತುಬಿದ್ದ ಪ್ರಾಣಿ, ಯಾವುದಕ್ಕೂ ಬೇಡವೆನ್ನುವ ಜಾತಿಯಲ್ಲ. ವಿಜ್ಞಾನಿಗಳು ಗೆಕಾರ್ಕಾಯ್ಡಿಯಾ ನಟಾಲಿಸ್ ಎಂದು ಕರೆಯುವ ಈ ಏಡಿ, ಈ ದ್ವೀಪವನ್ನೂ ದೂರದ ಕೊಕೋಸ್ ದ್ವೀಪಗಳನ್ನೂ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿ ಮಾತ್ರ ಎಣಿಕೆ ಕೋಟಿಯಲ್ಲಿ. 1990ರ ದಶಕದ ಒಂದು ಅಂದಾಜು ನಾಲ್ಕು ಕೋಟಿಯ ಮೇಲಿತ್ತು. ಈಚೆಗೆ ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಹತ್ತು ಕೋಟಿಯ ಮಾತಾಡುತ್ತಾರೆ. ದ್ವೀಪದ ಅಗಲ ಉದ್ದ ಎಲ್ಲ ಸೇರಿ 135 ಚದರ ಕಿಲೋಮೀಟರ್. ಇರುವ ಜನ ಎರಡು ಸಾವಿರಕ್ಕೂ ಕಡಿಮೆ.

ಕಾಡು ಎಂದಾಗ ನಾವು ಲೆಕ್ಕ ಹಾಕುವುದು ಮರಗಳನ್ನು. ಎಷ್ಟು ಎತ್ತರ, ಎಷ್ಟು ಜಾತಿ, ಎಷ್ಟು ಎಕರೆ. ಕ್ರಿಸ್‌ಮಸ್ ದ್ವೀಪದಲ್ಲಿ ಕೆಲಸ ಮಾಡಿದ ಆಸ್ಟ್ರೇಲಿಯದ ಪರಿಸರ ವಿಜ್ಞಾನಿಗಳು ಲೆಕ್ಕವನ್ನು ಕೆಳಗಿನಿಂದ ಶುರುಮಾಡಿದರು. ಕಾಡಿನ ನೆಲದ ಒಂದಷ್ಟು ಜಾಗಕ್ಕೆ ಏಡಿ ನುಸುಳದಂತೆ ಬೇಲಿ ಹಾಕಿದರು. ಪಕ್ಕದಲ್ಲೇ ಅಷ್ಟೇ ಜಾಗ ಬೇಲಿಯಿಲ್ಲದೆ ಬಿಟ್ಟರು. ಮಣ್ಣು ಅದೇ, ಮಳೆ ಅದೇ, ನೆರಳು ಅದೇ. ಬೇಲಿಯ ಒಳಗೆ ಸಸಿಗಳು ಒತ್ತೊತ್ತಾಗಿ ಎದ್ದವು, ಹೊರಗೆ ನೆಲ ಎಂದಿನಂತೆ ಬೋಳು. ಎಂದರೆ ಆ ಕಾಡಿನಲ್ಲಿ ಯಾವ ಮರದ ಮರಿ ಬದುಕಬೇಕು, ಯಾವುದು ಎರಡೆಲೆ ಬಿಡುವಷ್ಟರಲ್ಲೇ ಮುಗಿಯಬೇಕು ಎನ್ನುವ ತೀರ್ಮಾನ ಏಡಿಯ ಕೊಂಡಿಯಲ್ಲಿದೆ. ಅದಕ್ಕೆ ರುಚಿಸದ ಸಸಿ ಮಾತ್ರ ಮರವಾಗುತ್ತದೆ. ಆನೆಯೋ ಹುಲಿಯೋ ಕಾಡನ್ನು ಆಳುತ್ತದೆ ಎಂದು ಕೇಳಿ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳಲು ತುಸು ಹೊತ್ತು ಬೇಕಾಗುತ್ತದೆ.

ನೆಲದ ಮೇಲೆ ಬದುಕುತ್ತದೆ ಎಂದಮಾತ್ರಕ್ಕೆ ಅದು ಪೂರ್ತಿ ನೆಲದ ಪ್ರಾಣಿಯಲ್ಲ. ಕಿವಿರು ಇನ್ನೂ ಇದೆ, ಕಿವಿರಿನ ಗೂಡಿನ ಒಳಗೋಡೆ ಶ್ವಾಸಕೋಶದಂತೆ ಗಾಳಿಯನ್ನು ಹೀರಿಕೊಳ್ಳುತ್ತದೆ, ಆದರೆ ತೇವ ಆರಿದರೆ ಉಸಿರಿಲ್ಲ. ಹೀಗಾಗಿ ಬಿಸಿಲು ಕಾಲದ ಎರಡು ಮೂರು ತಿಂಗಳು ಬಿಲದ ಬಾಯಿಗೆ ಎಲೆಯ ಉಂಡೆ ತುರುಕಿ, ಒಳಗಿನ ತಂಪು ಆರದಂತೆ ಮಾಡಿ, ಕೂತುಬಿಡುತ್ತದೆ. ಆ ಕಾಲದಲ್ಲಿ ಅದನ್ನು ಹೊರಗೆಳೆದು ನಡೆಸಿದರೆ ಕೆಲವೇ ನಿಮಿಷಕ್ಕೆ ಸುಸ್ತಾಗಿ ನಿಲ್ಲುತ್ತದೆ. ಇದೇ ಪ್ರಾಣಿ ಮಳೆ ಬಿದ್ದ ಮೇಲೆ ದಿನಗಟ್ಟಲೆ ನಡೆಯುತ್ತದೆ. ರಕ್ತದಲ್ಲಿ ಸಕ್ಕರೆಯ ಹಿಡಿತ ನೋಡಿಕೊಳ್ಳುವ ಹಾರ್ಮೋನು ಒಂದಿದೆ, ಅದು ಋತುವಿಗೆ ತಕ್ಕಂತೆ ತನ್ನ ವರಸೆ ಬದಲಿಸಿ ಸ್ನಾಯುಗಳಿಗೆ ಇಂಧನ ಒದಗಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಎಲ್ಲಿಗೆ ನಡಿಗೆ? ಕಡಲಿಗೆ. ಮೊಟ್ಟೆ ಒಡೆಯಲು ಉಪ್ಪುನೀರೇ ಬೇಕು.

ಇಲ್ಲಿ ಬರುವ ಪಂಚಾಂಗದ ಲೆಕ್ಕ ನಮ್ಮ ಕರಾವಳಿಯ ಮೀನುಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಭರತವೂ ಜೋರು, ಇಳಿತವೂ ಜೋರು. ಅಷ್ಟಮಿಯ ಹೊತ್ತಿಗೆ ನೀರು ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಕೆಂಪು ಏಡಿಯ ತಾಯಂದಿರು ಮೊಟ್ಟೆ ಬಿಡುವುದು ಚಂದ್ರನ ಕೊನೆಯ ಪಾದದಲ್ಲಿ, ಎಂದರೆ ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ, ಬೆಳಗಿನ ಜಾವದ ಕತ್ತಲಲ್ಲಿ, ಭರತ ಹಿಂದೆ ಸರಿಯತೊಡಗುವಾಗ. ಕಾಡಿನಲ್ಲೇ ಬಾಳಿದ ಏಡಿಗೆ ಈಜು ಬರುವುದಿಲ್ಲ, ಅಲೆ ಎಳೆದೊಯ್ದರೆ ಕಥೆ ಮುಗಿಯಿತು. ನೀರು ಅತಿ ಕಡಿಮೆ ಏರಿಳಿಯುವ ದಿನಗಳೇ ಅದಕ್ಕೆ ಕ್ಷೇಮ.

ತಿಥಿ ಹೀಗೆ ಗೊತ್ತಾಗಿರುತ್ತದೆ, ಮಳೆ ಗೊತ್ತಾಗಿರುವುದಿಲ್ಲ. ನಮ್ಮಲ್ಲಿ ಹಿಂಗಾರು ಬೀಳುವ ಅಕ್ಟೋಬರ್, ನವೆಂಬರಿನ ಹೊತ್ತಿಗೆ ಅಲ್ಲಿಯೂ ಮೊದಲ ಮಳೆ. ಕೆಲವು ವರ್ಷ ಅದು ಡಿಸೆಂಬರಿಗೋ ಜನವರಿಗೋ ಜಾರುವುದುಂಟು. ಮಳೆ ಬೇಗ ಬಂದರೆ ಏಡಿಗಳಿಗೆ ಆತುರವಿಲ್ಲ, ದಾರಿಯಲ್ಲಿ ಮೇಯುತ್ತ, ನಿಲ್ಲುತ್ತ ಇಳಿಯುತ್ತವೆ. ಅಷ್ಟಮಿ ಹತ್ತಿರವಾದಾಗ ಮಳೆ ಬಿದ್ದರೆ ಓಟಕ್ಕೆ ಓಟ. ತೀರ ತಡವಾದರೆ ಆ ತಿಂಗಳನ್ನೇ ಕೈಬಿಟ್ಟು ಮುಂದಿನ ಅಷ್ಟಮಿಗೆ ಕಾಯುತ್ತವೆ. ಮಳೆಯ ಮೇಲೆ ಭರವಸೆಯಿಟ್ಟು ಬಿತ್ತನೆಯ ದಿನ ಹಿಂದೆ ಮುಂದೆ ಮಾಡುವ ರೈತನಿಗೂ ಇಷ್ಟು ನಿಖರವಾಗಿ ಲೆಕ್ಕ ಹೊಂದಿಸಲು ಆಗುತ್ತದೆಯೋ ಇಲ್ಲವೋ.

ಮೊದಲು ಹೊರಡುವವು ಗಂಡುಗಳು. ಮಧ್ಯಾಹ್ನದ ಬಿಸಿಲಿಗೆ ನೆರಳು ಹಿಡಿದು, ಬೆಳಿಗ್ಗೆ ಸಂಜೆ ನಡೆಯುತ್ತವೆ. ಕಡಲಂಚು ಮುಟ್ಟಲು ವಾರವಾದರೂ ಬೇಕು. ಅಲ್ಲಿ ಒಮ್ಮೆ ನೀರಿನಲ್ಲಿ ಮಿಂದು ಮೈಗೆ ಬೇಕಾದ ನೀರು, ಉಪ್ಪು ತುಂಬಿಕೊಂಡು, ಮೇಲಿನ ದಿಬ್ಬದಲ್ಲಿ ಬಿಲ ತೋಡಲು ಶುರು. ಜಾಗ ಸಾಲದು, ಜಗಳ ಸಾಕಷ್ಟು. ಹೆಣ್ಣುಗಳು ಬಂದು ಕೂಡಿದ ಮೇಲೆ ಗಂಡುಗಳು ಇನ್ನೊಂದು ಮುಳುಕು ಹಾಕಿ ಕಾಡಿನ ಕಡೆ ತಿರುಗುತ್ತವೆ. ಅವುಗಳ ಪಾಲಿನ ಕೆಲಸ ಮುಗಿಯಿತು. ಹೆಣ್ಣು ಅದೇ ಬಿಲದಲ್ಲಿ ಹನ್ನೆರಡು ಹದಿಮೂರು ದಿನ, ಹೊಟ್ಟೆಯಡಿಯ ಮಡಿಕೆಯಲ್ಲಿ ಒಂದು ಲಕ್ಷದವರೆಗೂ ಮೊಟ್ಟೆ ಹಿಡಿದು ಕೂರುತ್ತದೆ. ಆಮೇಲೆ ಆ ಬೆಳಗಿನ ಜಾವ. ಬಂಡೆಗಳ ಮೇಲೆ ಚದರ ಮೀಟರಿಗೆ ನೂರರಷ್ಟು ತಾಯಂದಿರು ಒತ್ತರಿಸಿ ನಿಂತು, ಕೊಂಡಿ ಮೇಲೆತ್ತಿ, ಮೈ ಕೊಡವಿ ಮೊಟ್ಟೆ ಬಿಡುತ್ತಾರೆ. ಇಳಿಯಲು ದಾರಿಯಿಲ್ಲದ ಕಡಿದಾದ ಕಡಲಬಂಡೆಯಾದರೆ ಮೇಲಿನಿಂದಲೇ ಉದುರಿಸುವುದೂ ಉಂಟು. ನೀರು ಸೋಕಿದ ಕೂಡಲೇ ಮೊಟ್ಟೆ ಒಡೆಯುತ್ತದೆ. ಐದಾರು ರಾತ್ರಿ ಇದೇ ಕೆಲಸ.

ಈ ಮರಿಗಳ ಹಣೆಬರಹ ಬಹುತೇಕ ಮೀನಿನ ಹೊಟ್ಟೆ. ವೇಲ್ ಶಾರ್ಕ್ ಎಂಬ ದೈತ್ಯ ಮೀನುಗಳು ಆ ದಿನಗಳಲ್ಲಿ ದ್ವೀಪದ ಸುತ್ತ ಸುಳಿದಾಡುವುದು ಸುಮ್ಮನೆ ಅಲ್ಲ. ಉಳಿದವು ಸುಮಾರು ಒಂದು ತಿಂಗಳು ಕಡಲಲ್ಲಿ ತೇಲಿ, ರೂಪದ ಮೇಲೆ ರೂಪ ಬದಲಿಸಿ, ಐದು ಮಿಲಿಮೀಟರಿನ ಪುಟ್ಟ ಏಡಿಯಾಗಿ ದಡ ಹತ್ತಬೇಕು. ಹೆಚ್ಚಿನ ವರ್ಷಗಳಲ್ಲಿ ಹತ್ತುವವು ಅಷ್ಟಿಷ್ಟು, ಕೆಲವು ವರ್ಷ ಒಂದೂ ಇಲ್ಲ. ಹತ್ತು ವರ್ಷದಲ್ಲಿ ಒಂದೆರಡು ಬಾರಿ ಮಾತ್ರ ದಡವೆಲ್ಲ ಕೆಂಪಾಗುವಷ್ಟು ಮರಿಗಳು ಬರುತ್ತವೆ, ಆ ಒಂದೆರಡು ವರ್ಷಗಳ ಮೇಲೆ ಇಡೀ ಸಂತತಿ ನಿಂತಿದೆ. ಲಾಭ ನಷ್ಟ ನೋಡುವವರಾದರೆ ಇಂಥ ವ್ಯವಹಾರಕ್ಕೆ ಕೈ ಹಾಕುವುದಿಲ್ಲ.

ನಮ್ಮ ಪಶ್ಚಿಮ ಘಟ್ಟದ ಏಡಿಗಳು ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದವು. ಗದ್ದೆ ಬದು ಕೊರೆದು ನೀರು ಸೋರಿಸಿ ಬೈಗುಳ ತಿನ್ನುವ ಏಡಿಯಿರಲಿ, ಯಲ್ಲಾಪುರದ ಬಾರೆ ಕಾಡಿನಲ್ಲಿ ಅರಣ್ಯ ರಕ್ಷಕರೊಬ್ಬರ ಕಣ್ಣಿಗೆ ಬಿದ್ದು 2022ರಲ್ಲಿ ಘಾಟಿಯಾನ ದ್ವಿವರ್ಣ ಎಂಬ ಹೆಸರು ಪಡೆದ ಬಿಳಿ–ನೇರಳೆ ಚೆಲುವೆಯಿರಲಿ, ಇವು ಸಿಹಿನೀರಿನ ಕುಲ. ಮೊಟ್ಟೆ ಕಡಿಮೆ, ಆದರೆ ದೊಡ್ಡದು. ತೇಲುವ ಮರಿಯ ಹಂತವೆಲ್ಲ ಮೊಟ್ಟೆಯ ಒಳಗೇ ಕಳೆದು, ಹೊರಬರುವಾಗಲೇ ಪೂರ್ತಿ ಏಡಿ. ತಾಯಿ ಒಂದಷ್ಟು ದಿನ ಹೊಟ್ಟೆಯಡಿ ಹೊತ್ತು ತಿರುಗುತ್ತದೆ. ಹಾಗಾಗಿ ಘಟ್ಟದ ಏಡಿ ಅರಬ್ಬಿ ಸಮುದ್ರಕ್ಕೆ ಇಳಿಯುವ ಅಗತ್ಯವೇ ಇಲ್ಲ. ಆದರೆ ತಾನಿರುವ ಬೆಟ್ಟ ಬಿಟ್ಟು ಇನ್ನೊಂದಕ್ಕೆ ಹೋಗಲೂ ಕಷ್ಟ. ಒಂದೊಂದು ಕಣಿವೆಗೆ ಒಂದೊಂದು ಜಾತಿ ಆಗಿರುವುದಕ್ಕೆ ಇದೂ ಕಾರಣ.

ಕ್ರಿಸ್‌ಮಸ್ ದ್ವೀಪದಲ್ಲಿ ನೆಲದೇಡಿಗಳ ಜಾತಿಯೇ ಇಪ್ಪತ್ತರಷ್ಟಿದೆ. ಅವುಗಳಲ್ಲಿ ದಾರಿಗೆ ಅಡ್ಡ ಬಂದರೆ ನಾವೇ ಸರಿದು ನಿಲ್ಲಬೇಕಾದದ್ದು ತೆಂಗಿನ ಏಡಿ. ನಾಲ್ಕು ಕಿಲೋದವರೆಗೆ ತೂಕ, ಕಾಲು ಚಾಚಿದರೆ ಒಂದು ಮೀಟರ್. ಮರ ಹತ್ತುತ್ತದೆ, ವಾಸನೆ ಹಿಡಿದು ಬರುತ್ತದೆ, ನೀರಿನಲ್ಲಿ ಹಾಕಿದರೆ ಮುಳುಗಿ ಸಾಯುತ್ತದೆ. 1836ರ ಏಪ್ರಿಲ್‌ನಲ್ಲಿ ಬೀಗಲ್ ಹಡಗು ಕೊಕೋಸ್ ದ್ವೀಪಗಳಲ್ಲಿ ತಂಗಿದ್ದಾಗ ಚಾರ್ಲ್ಸ್ ಡಾರ್ವಿನ್ ಇದರ ಬಗ್ಗೆ ಬರೆದಿಟ್ಟ. ತೆಂಗಿನಕಾಯಿಯ ಕಣ್ಣುಗಳಿರುವ ತುದಿಯಿಂದಲೇ ನಾರು ನಾರಾಗಿ ಸಿಪ್ಪೆ ಸುಲಿದು, ಆಮೇಲೆ ಕಣ್ಣನ್ನು ಕುಟ್ಟಿ ತೂತು ಮಾಡುತ್ತದಂತೆ. ಕಾಯಿ ಸುಲಿಯುವ ಯಾರಿಗಾದರೂ ಅದರ ಕೈಚಳಕಕ್ಕೆ ಮೆಚ್ಚುಗೆ ಹುಟ್ಟೀತು. ಭಾರತದಲ್ಲಿ ಇದು ನಿಕೋಬಾರ್ ಕಡೆಯ ದ್ವೀಪಗಳಲ್ಲಿದೆ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಜಾಗ ಪಡೆದಿದೆ. ಅದು ಕೆಂಪು ಏಡಿಯನ್ನೂ ತಿನ್ನುತ್ತದೆ.

ಏಡಿಗಳು ಇಳಿಯುವ ದಿನಗಳಲ್ಲಿ ದ್ವೀಪದ ಜನ ತಮ್ಮ ಓಡಾಟವನ್ನು ಏಡಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ. ಕೆಲವು ರಸ್ತೆಗಳು ಬಂದ್. ಉಳಿದ ಕಡೆ ಕಾರು ನಿಲ್ಲಿಸಿ, ಇಳಿದು, ಕುಂಟೆಯಂಥ ಹಲ್ಲುಗೋಲಿನಿಂದ ಏಡಿಗಳನ್ನು ಪಕ್ಕಕ್ಕೆ ಎಳೆದು, ಮತ್ತೆ ನಾಲ್ಕು ಮಾರು ಕಾರು ಓಡಿಸಿ, ಮತ್ತೆ ಇಳಿಯುವುದು. ರಸ್ತೆಯಂಚಿಗೆ ತಡೆಬೇಲಿ, ಅದು ಏಡಿಗಳನ್ನು ರಸ್ತೆಯಡಿಯ ಸಣ್ಣ ಸುರಂಗಗಳತ್ತ ತಿರುಗಿಸುತ್ತದೆ. ಒಂದು ಕಡೆ ರಸ್ತೆಯ ಮೇಲೆ ಐದು ಮೀಟರ್ ಎತ್ತರದ ಸೇತುವೆಯೇ ಇದೆ, ಏಡಿಗಳು ಹತ್ತಿ ಇಳಿಯುವುದಕ್ಕೆ. ದಯೆ ಒಂದೇ ಕಾರಣವಲ್ಲ ಎಂದು ಸೇರಿಸುವುದು ಒಳ್ಳೆಯದು. ಒಡೆದ ಏಡಿಚಿಪ್ಪು ಟೈರು ಪಂಕ್ಚರ್ ಮಾಡುತ್ತದೆ.

ಇಷ್ಟೆಲ್ಲ ಜಾಗ್ರತೆ ಕಾರಿನ ವಿಷಯದಲ್ಲಿ. ನಿಜವಾದ ಆಪತ್ತು ಬಂದದ್ದು ಹಡಗಿನಲ್ಲಿ, ಯಾರಿಗೂ ಗೊತ್ತಾಗದೆ. ಇಂಗ್ಲಿಷಿನವರು ಯೆಲ್ಲೋ ಕ್ರೇಜಿ ಆಂಟ್ ಎನ್ನುವ, ಗೊತ್ತುಗುರಿಯಿಲ್ಲದಂತೆ ಓಡಾಡುವ ನೀಳಗಾಲಿನ ಹಳದಿ ಇರುವೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲೇ ದ್ವೀಪಕ್ಕೆ ಕಾಲಿಟ್ಟಿತ್ತು. ದಶಕಗಳ ಕಾಲ ತೆಪ್ಪಗಿತ್ತು. 1989ರಲ್ಲಿ ಮೊದಲ ಬಾರಿಗೆ ಅದರ ಮಹಾಗೂಡು ಕಣ್ಣಿಗೆ ಬಿತ್ತು. ಒಂದಕ್ಕಿಂತ ಹೆಚ್ಚು ರಾಣಿಯರು, ಗೂಡಿಗೂ ಗೂಡಿಗೂ ಜಗಳವಿಲ್ಲ, ಎಕರೆಗಟ್ಟಲೆ ನೆಲದ ಮೇಲೆ ಇರುವೆಯ ಹಾಸು. ಇದು ಕಚ್ಚುವುದಿಲ್ಲ, ಫಾರ್ಮಿಕ್ ಆಮ್ಲವನ್ನು ಸಿಂಪಡಿಸುತ್ತದೆ. ಕಣ್ಣಿಗೆ, ಬಾಯಿಗೆ ಆಮ್ಲ ಬಿದ್ದ ಏಡಿ ಕುರುಡಾಗಿ, ಒದ್ದಾಡಿ ಸಾಯುತ್ತದೆ. ಗೂಡಿರುವ ಜಾಗದ ಏಡಿಗಳು ಮಾತ್ರವಲ್ಲ, ಕಡಲಿಗೆ ಹೊರಟು ಆ ದಾರಿ ಹಿಡಿದವೂ ಹೋದವು. ಇರುವೆಯೇ ಇಲ್ಲದ ಕಾಡಿನ ಭಾಗಗಳೂ ಹೀಗೆ ಏಡಿಯಿಲ್ಲದೆ ಬರಿದಾದವು. ಸತ್ತದ್ದು ಕೋಟಿಯ ಲೆಕ್ಕದಲ್ಲಿ, ಒಟ್ಟಿನ ಕಾಲು ಭಾಗದಿಂದ ಮೂರನೇ ಒಂದರಷ್ಟು ಎಂಬ ಅಂದಾಜಿದೆ.

ಆಗ ವಿಜ್ಞಾನಿಗಳ ಬೇಲಿಯ ಪ್ರಯೋಗ ಇಡೀ ಕಾಡಿನ ಅಳತೆಯಲ್ಲಿ, ಬೇಲಿಯಿಲ್ಲದೆಯೇ ನಡೆದುಹೋಯಿತು. ಗುಡಿಸುವವರು ಇಲ್ಲವಾದ ಕಡೆ ತರಗೆಲೆ ರಾಶಿಬಿತ್ತು, ಸಸಿಗಳು ಮುಗಿಬಿದ್ದು ಎದ್ದವು, ಕೆಲವೇ ವರ್ಷಗಳಲ್ಲಿ ಬೋಳು ನೆಲ ದಟ್ಟ ಪೊದೆಯಾಯಿತು. ಹೊರಗಿನವರ ಕಣ್ಣಿಗೆ ಕಾಡು ಹುಲುಸಾದಂತೆಯೇ ಕಂಡೀತು. ಅದೇ ಪೊದೆಯೊಳಗೆ ಆಫ್ರಿಕಾದ ದೈತ್ಯ ಬಸವನಹುಳು ಸೇರಿಕೊಂಡಿತು. ನಮ್ಮ ಅಡಿಕೆ, ಪಪ್ಪಾಯಿ ತೋಟಗಳಿಗೂ ಮುತ್ತಿಗೆ ಹಾಕುವ ಅದೇ ಹುಳು. ಏಡಿಗಳಿದ್ದಷ್ಟು ಕಾಲ ಅದಕ್ಕೆ ಕಾಡಿನ ಒಳಗೆ ಪ್ರವೇಶವಿರಲಿಲ್ಲ, ನುಸುಳಿದ್ದನ್ನು ಏಡಿಗಳು ಚಿಪ್ಪೊಡೆದು ತಿನ್ನುತ್ತಿದ್ದವು. ಪರಿಸರ ವಿಜ್ಞಾನಿಗಳಾದ ಡೆನಿಸ್ ಒಡೌಡ್, ಪೀಟರ್ ಗ್ರೀನ್ ಮತ್ತು ಸಂಗಡಿಗರು 2003ರಲ್ಲಿ ಈ ಕುಸಿತವನ್ನು ವಿವರಿಸಿ ಬರೆದರು. ಹೊರಗಿನಿಂದ ಬಂದ ಒಂದು ಜೀವಿ ಇನ್ನೊಂದಕ್ಕೆ ಬಾಗಿಲು ತೆರೆದುಕೊಡುವುದಕ್ಕೆ ಅಲ್ಲಿಂದ ಮುಂದೆ ಜಗತ್ತಿನೆಲ್ಲೆಡೆ ಈ ದ್ವೀಪವೇ ಉದಾಹರಣೆ.

ಇಷ್ಟು ವರ್ಷ ತೆಪ್ಪಗಿದ್ದ ಇರುವೆ ಸೊಕ್ಕಿದ್ದು ಯಾವುದನ್ನು ತಿಂದು? ಉತ್ತರ ಮರದ ಮೇಲಿತ್ತು. ಅರಗಿನ ಹುಳುವಿನ ಸಂಬಂಧಿಯಾದ, ಅದೂ ಹೊರಗಿನಿಂದಲೇ ಬಂದ, ಒಂದು ಶಲ್ಕ ಕೀಟ ಕೊಂಬೆಗೆ ಅಂಟಿ ರಸ ಹೀರಿ ಸಿಹಿ ಅಂಟನ್ನು ಸ್ರವಿಸುತ್ತದೆ. ಇರುವೆ ಅದನ್ನು ಕುಡಿಯುತ್ತದೆ, ಪ್ರತಿಯಾಗಿ ಕೀಟದ ಕಾವಲು ಕಾಯುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಈ ಒಳಒಪ್ಪಂದ ಹೊಸದಲ್ಲ, ಗಿಡದ ಮೇಲೆ ಇರುವೆಯ ಸಾಲು ಕಂಡರೆ ಮೇಲೆ ಕೀಟ ಕೂತಿದೆ ಎಂದು ಅವರಿಗೆ ಗೊತ್ತು. ದ್ವೀಪದಲ್ಲಿ ಮೊದಲು ಹೆಲಿಕಾಪ್ಟರಿನಿಂದ ವಿಷದ ಕಾಳು ಎರಚಿದರು. 2002, 2009, 2012ರಲ್ಲಿ. ಇರುವೆ ಕಡಿಮೆಯಾಯಿತು, ಮತ್ತೆ ಬಂತು. ಕೊನೆಗೆ ಇರುವೆಯನ್ನು ಬಿಟ್ಟು ಅದರ ಊಟದ ತಟ್ಟೆಗೆ ಕೈಹಾಕಿದರು. ಆ ಕೀಟದ ಮೈಯಲ್ಲಿ ಮೊಟ್ಟೆಯಿಟ್ಟು ಕೊಲ್ಲುವ, ಎರಡು ಮಿಲಿಮೀಟರಿನ ಪುಟ್ಟ ಕಣಜವನ್ನು ಮಲೇಷ್ಯಾದಿಂದ ತಂದು, ವರ್ಷಗಟ್ಟಲೆ ಪರೀಕ್ಷಿಸಿ, 2016ರ ಡಿಸೆಂಬರಿನಲ್ಲಿ ಕಾಡಿಗೆ ಬಿಟ್ಟರು. ಅದು ನೆಲೆ ನಿಂತಿದೆ, ಹಬ್ಬುತ್ತಿದೆ. ಹೊರಗಿನಿಂದ ಬಂದದ್ದನ್ನು ಹೊರಗಿನಿಂದಲೇ ತಂದು ಹಿಡಿಯುವ ಈ ಆಟ ಎಲ್ಲ ಕಡೆಯೂ ಗೆದ್ದಿಲ್ಲ ಎಂಬುದು ನಿಜ, ಇಲ್ಲಿ ಸದ್ಯಕ್ಕೆ ದಾಳ ಸರಿಯಾಗಿ ಬಿದ್ದಂತಿದೆ.

ಹಡಗಿನ ವಿಷಯ ಬಂದದ್ದಕ್ಕೆ ಒಂದು ಮಾತು. ಇರುವೆಗೆ, ಕೀಟಕ್ಕೆ, ಬಸವನಹುಳುವಿಗೆ ಬಂದರಿನಲ್ಲಿ ಯಾರೂ ಕಾಗದಪತ್ರ ಕೇಳಲಿಲ್ಲ. ದೋಣಿಯಲ್ಲಿ ಆಶ್ರಯ ಬೇಡಿ ಬಂದ ಮನುಷ್ಯರನ್ನು ಮಾತ್ರ ಇದೇ ದ್ವೀಪದ ವಾಯುವ್ಯ ಮೂಲೆಯ ಕಾಡಿನ ನಡುವೆ, 2008ರಲ್ಲಿ ತೆರೆದ ಬಂಧನ ಕೇಂದ್ರದಲ್ಲಿ ಕೂಡಿಹಾಕಿದರು. ಏಡಿಗಳಿಗಾಗಿ ರಸ್ತೆ ಮುಚ್ಚುವ ಊರಿನಲ್ಲಿ ಇದೂ ನಡೆಯಿತು. ಗ್ಯಾಬ್ರಿಯೆಲ್ ಬ್ರೇಡಿ 2018ರಲ್ಲಿ ಮಾಡಿದ ‘ಐಲೆಂಡ್ ಆಫ್ ದ ಹಂಗ್ರಿ ಗೋಸ್ಟ್ಸ್’ ಎಂಬ ಸಾಕ್ಷ್ಯಚಿತ್ರ ಈ ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ.

ಕೊನೆಗೆ ಇನ್ನೊಂದು ಹಡಗು. ಫಾಸ್ಫೇಟ್ ಗಣಿಗಾರಿಕೆ ಶುರುವಾಗುವ ಹೊತ್ತಿಗೆ, 1899ರಲ್ಲಿ, ಹಿಂದುಸ್ತಾನ್ ಎಂಬ ಹಡಗಿನಿಂದ ಕಪ್ಪು ಇಲಿಗಳು ದ್ವೀಪಕ್ಕೆ ಇಳಿದವು. ಅವುಗಳ ಚಿಗಟದಲ್ಲಿದ್ದ ರೋಗಾಣು, ದ್ವೀಪದ್ದೇ ಆದ ಮ್ಯಾಕ್ಲಿಯರ್ ಇಲಿಗೆ ತಗಲಿತು. ಕಾಡಿನಲ್ಲಿ ಎಲ್ಲೆಲ್ಲೂ ಇದ್ದ ಆ ಇಲಿ ನಾಲ್ಕೈದು ವರ್ಷದಲ್ಲಿ ಇನ್ನಿಲ್ಲವಾಯಿತು. ಸಂಗ್ರಹಾಲಯದ ಹಳೆಯ ಇಲಿಚರ್ಮಗಳ ಡಿಎನ್‌ಎ ಪರೀಕ್ಷಿಸಿ 2008ರಲ್ಲಿ ಇದನ್ನು ಖಚಿತಪಡಿಸಿದರು. ಆ ಇಲಿ ಮರಿ ಏಡಿಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಹಿಡಿತದಲ್ಲಿ ಇಟ್ಟಿತ್ತು, ಇಲಿ ಅಳಿದ ಮೇಲೆಯೇ ಏಡಿಗಳು ಹೀಗೆ ಕೋಟಿಯಾದವು ಎಂದು ಕೆಲವರು ಊಹಿಸುತ್ತಾರೆ. ಊಹೆ ನಿಜವಾಗಿದ್ದರೆ, ಇಂದು ಎಲ್ಲರೂ ಕಾಪಾಡಲು ಹೊರಟಿರುವ ಗುಡಿಸಿದ ನೆಲದ ಕಾಡಿಗೆ ನೂರಿಪ್ಪತ್ತು ವರ್ಷದ ಆಚೆ ವಯಸ್ಸಿಲ್ಲ. ಹಾಗಾದರೆ ಅದರ ‘ಮೂಲ’ ಕಾಡು ಯಾವುದು ಎಂದು ಕೇಳಬಹುದು. ನನಗೆ ಆ ಪ್ರಶ್ನೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಇಲಿ ಮರಳಿ ಬರುವುದಿಲ್ಲ, ಈಗಿರುವ ಮರಗಳಲ್ಲಿ ಎಷ್ಟೋ ಏಡಿಯ ಕೊಂಡಿ ತಪ್ಪಿಸಿಕೊಂಡು ಎದ್ದವು. ಉದ್ಯಾನದ ಸಿಬ್ಬಂದಿಯೂ ಈ ಜಿಜ್ಞಾಸೆಗೆ ಕಾದು ಕೂತಿಲ್ಲ. 2001ರಿಂದ ಎರಡು ವರ್ಷಕ್ಕೊಮ್ಮೆ ದ್ವೀಪದ ನೂರಾರು ಜಾಗಗಳಿಗೆ ನಡೆದುಹೋಗಿ, ದಾರ ಎಳೆದು, ಏಡಿಯ ಬಿಲ ಎಷ್ಟು, ಇರುವೆ ಎಷ್ಟು ಎಂದು ಎಣಿಸಿಕೊಂಡು ಬರುತ್ತಾರೆ. ಇರುವೆ ಹೆಚ್ಚಿದ ಕಡೆ ನಕ್ಷೆಯಲ್ಲಿ ಗುರುತು ಹಾಕುತ್ತಾರೆ.